ಕಂಪನಿ ಮಾಲು

ಗಂಗಾಂಬಿಕೆ ಗಂಡನ ಉಗುರಿನ ಸಂದಿಯನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಲೇ ಇದ್ದಳು. ಕಂಪ್ಯೂಟರ್ ಪ್ರೊಸೆಸರ್‌ಗೆ ಹಚ್ಚುವ ಬೂದು ಬಣ್ಣದ ಪೇಸ್ಟ್ ಅಲ್ಲಿ ಅಂಟಿಕೊಂಡಿತ್ತು.

“ಬುಡಿ ಅತ್ತಿಗೆ, ವಿಭೂತಿ ಹಚ್ಚಿದ್ರೆ ಕಾಣಲ್ಲ,” ಎಂದ ಮೈದುನ ಪ್ರಭುದೇವ.

“ಸ್ನಾನ ಮಾಡಿಸ್ದಾಗ್ಲೂ ಹೋಗ್ಲಿಲ್ಲ ಕಣಪ್ಪ.”

ನಿನ್ನೆ ಮಧ್ಯಾಹ್ನ ಗುಬ್ಬಿಯ ತನ್ನ ಕಂಪ್ಯೂಟರ್ ಅಂಗಡಿಯಲ್ಲಿ ಮೇಜಿನ ಮೇಲೆ ತಲೆಯಿಟ್ಟ ರೇಣುಕಾಪ್ರಸಾದ್ ಮತ್ತೆ ಏಳಲಿಲ್ಲ. ಐವತ್ತಾರು ವರ್ಷ. ಈಗ ಅವನನ್ನು ಪಡಸಾಲೆಯ ಗೋಡೆಗೊರಗಿಸಿ ಪದ್ಮಾಸನದಲ್ಲಿ ಕೂರಿಸಿದ್ದರು.

ಬಾಗಿಲಲ್ಲಿ ಹಾರ ಹಿಡಿದು ಹನುಮಂತರಾಜು ನಿಂತಿದ್ದ. ತುಮಕೂರಿನಲ್ಲಿ ದೊಡ್ಡ ಕಂಪ್ಯೂಟರ್ ಕಂಪನಿಯೊಂದರ ಶೋರೂಮ್ ಅವನದು.

“ಅಣ್ಣನ ಹೊಟ್ಟೆಗೆ ಕಲ್ಲು ಹಾಕಿ, ಈಗ ಹಾರ ತಂದವ್ನೆ,” ಪ್ರಭುದೇವ ಅವನಿಗೆ ಕೇಳುವಂತೆಯೇ ಅಂದ.

ಗಂಗಾಂಬಿಕೆ ತಲೆಯೆತ್ತಲಿಲ್ಲ. “ಬಾ ರಾಜು. ಮುಖ ನೋಡ್ಬಾ.”

*

ಪ್ರಸಾದ, ರಾಜು ಇಬ್ಬರೂ ಸೇರಿಯೇ ಶುರು ಮಾಡಿದ್ದ ಅಂಗಡಿ. ಬೆಳಿಗ್ಗೆ ರೈಲಿಗೆ ಬೆಂಗಳೂರಿಗೆ ಹೋಗಿ, ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಆರಿಸಿ, ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ತೆಂಗಿನಕಾಯಿ ಮಂಡಿಗಳಿಗೆ, ಟೈಪಿಂಗ್ ಸೆಂಟರ್‌ಗಳಿಗೆ, ಹೈಸ್ಕೂಲಿಗೆ ಅವರೇ ಜೋಡಿಸಿದ ಕಂಪ್ಯೂಟರ್. ಆಮೇಲೆ ಕಂಪನಿಗಳು ಅದಕ್ಕಿಂತ ಕಡಿಮೆ ಬೆಲೆಗೆ, ಮೂರು ವರ್ಷದ ವಾರಂಟಿ ಕೊಟ್ಟು ಮಾರತೊಡಗಿದವು.

“ಪ್ರಸಾದಣ್ಣ, ನಾವೂ ಏಜೆನ್ಸಿ ತಗೊಳ್ಳೋಣ. ಇದು ಇನ್ನು ನಡೆಯಲ್ಲ.”

“ಡಬ್ಬ ಬಿಚ್ಚಿ ಕೊಡೋಕೆ ನಾನ್ಯಾಕೆ ಬೇಕು? ನೀನು ಹೋಗಪ್ಪ.”

ರಾಜು ಹೋದ. ಎರಡು ವರ್ಷದ ನಂತರ ಹೈಸ್ಕೂಲಿನ ಇಪ್ಪತ್ತು ಕಂಪ್ಯೂಟರ್‌ಗಳ ಆರ್ಡರ್ ಅವನಿಗೇ ಸಿಕ್ಕಿತು. ಕಂಪನಿ ಮಾಲೇ ಬೇಕೆಂದು ಕಮಿಟಿ ಹಠ ಹಿಡಿದಿತ್ತು. ಅಂದಿನಿಂದ ಪ್ರಸಾದನ ಅಂಗಡಿಗೆ ಜನ ಬರುತ್ತಿದ್ದುದು ಪ್ರಿಂಟರ್ ಇಂಕಿಗೆ, ಮೌಸಿಗೆ, ಅಪರೂಪಕ್ಕೊಂದು ರಿಪೇರಿಗೆ. ಸಂಜೆ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಜಗಲಿಯಲ್ಲಿ ಕೂತುಬಿಡುತ್ತಿದ್ದ. ಏನಾಯ್ತು ಅಂತ ಹೆಂಡತಿ ಕೇಳಿದರೆ, “ಏನೂ ಆಗ್ಲಿಲ್ಲ ಕಣೇ. ಅದೇ ಸುಸ್ತು,” ಅನ್ನುತ್ತಿದ್ದ.

*

ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿದ್ದ ಮಹಾಲಕ್ಷ್ಮಮ್ಮ ಬಂದು ಕೈಮುಗಿದರು. ಮೂಲೆಯಲ್ಲಿದ್ದ ರಾಜುವನ್ನು ಕಂಡು ಹತ್ತಿರ ಹೋದರು.

“ಆ ವರ್ಷ ಎಕ್ಸಾಮ್ ಟೈಮಲ್ಲಿ ನೀವು ಕೊಟ್ಟಿದ್ದ ಕಂಪ್ಯೂಟರ್ ಹನ್ನೊಂದು ಕೆಟ್ಟು ನಿಂತಿದ್ವಲ್ಲ...”

“ಹೌದು ಮೇಡಂ. ಕಂಪನಿಯೋರು ಬಂದು ರಿಪೇರಿ ಮಾಡಿದ್ರಲ್ಲ.”

“ಯಾರೂ ಬರ್ಲಿಲ್ಲ ರಾಜು. ಮೂರು ಭಾನುವಾರ ಪ್ರಸಾದ್ ಅವ್ರೇ ಬಂದು ಕೂತು ಸರಿಮಾಡಿದ್ರು. ‘ರಾಜು ಹೆಸರು ಕೆಡುತ್ತೆ, ಅವ್ನಿಗೆ ಹೇಳ್ಬೇಡಿ ಮೇಡಂ’ ಅಂದಿದ್ರು. ಅದಕ್ಕೇ ನಿಮಗೆ ಸರಿಹೋಯ್ತು ಅಂತಷ್ಟೇ ಫೋನ್ ಮಾಡ್ದೆ.”

ರಾಜು ಗಂಗಾಂಬಿಕೆಯ ಕಡೆ ತಿರುಗಿದ. “ನಿಮಗೆ ಗೊತ್ತಿತ್ತಾ ಅತ್ತಿಗೆ?”

“ಬುತ್ತಿ ಕಟ್ಟಿಕೊಟ್ಟೋಳು ನಾನೇ. ಚೆನ್ನಾಗಿ ಬೈದೂ ಇದ್ದೆ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “‘ಮಾರೀ ಮಾರೀ ಅವ್ನು ಬಿಚ್ಚಿ ಜೋಡ್ಸೋದೇ ಮರ್ತವ್ನೆ ಕಣೇ’ ಅಂದ್ರು.”

ಪ್ರಭುದೇವ ಎದ್ದು ಹೊರಗೆ ಹೋದ.

ಮೂರು ಗಂಟೆಗೆ, ಹೂ ಕಟ್ಟಿದ ಬಿದಿರಿನ ವಿಮಾನದಲ್ಲಿ ಪ್ರಸಾದನನ್ನು ಕೂರಿಸಿ ಎತ್ತಿದರು. ಸಮಾಧಿ ತೋಡಿದ್ದ ತೋಟಕ್ಕೆ ಎರಡು ಕಿಲೋಮೀಟರ್ ನಡೆಯಬೇಕು. ರಾಜು ಎಲ್ಲರ ಹಿಂದೆ ಒಬ್ಬನೇ ಬರುತ್ತಿದ್ದ. ಬಸ್ ಸ್ಟ್ಯಾಂಡ್ ದಾಟಿದ ಮೇಲೆ, ಮುಂದಿನ ಬೊಂಬು ಹೊತ್ತಿದ್ದ ಪ್ರಭುದೇವ ನಿಂತ. ತಿರುಗಿ ನೋಡದೆಯೇ, “ರಾಜಣ್ಣ, ಹೆಗಲು ಕೊಡು ಬಾ,” ಎಂದ.

ರಾಜು ಓಡಿಬಂದು ಅವನ ಜಾಗದಲ್ಲಿ ಹೆಗಲು ಕೊಟ್ಟ. ಆಳು ಗಿಡ್ಡ. ವಿಮಾನ ಆ ಬದಿಗೆ ತಗ್ಗಿತು. ಹಗ್ಗ ಬಿಗಿದು ಕೂರಿಸಿದ್ದ ಪ್ರಸಾದ ನಿಧಾನವಾಗಿ ರಾಜುವಿನ ಕಡೆಗೆ ವಾಲಿದ.