ಕೈಯಿಲ್ಲದ ಗೊಂಬೆಯ ಕೋಟು

ಹೊಲಿಗೆ ಶಾಲೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಬಿಚ್ಚಮ್ಮ ಎಂದು. ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ ಎಂಬ ಕಾರಣಕ್ಕೆ ಅಂಟಿಕೊಂಡ ಹೆಸರು. ಕಾಲರ್ ಅವಳಿಗೆ ಒಲಿದಿತ್ತು, ಜೇಬು ಒಲಿದಿತ್ತು, ಗುಂಡಿ ತೂರಿಸುವ ಕಾಜ ಹೊಲಿದರಂತೂ ಮೇಡಂ ಕೂಡ ಕನ್ನಡಕ ಏರಿಸಿ ನೋಡುತ್ತಿದ್ದರು. ತೋಳು ಮಾತ್ರ ಅವಳ ಹುಟ್ಟುಶತ್ರು. ಅವಳು ಕೂಡಿಸಿದ ತೋಳು ಭುಜದಿಂದ ಇಳಿಯುವಾಗಲೇ ತಿರುಚಿಕೊಂಡು, ಮುನಿಸಿಕೊಂಡ ಮಗುವಿನ ಹಾಗೆ ಆ ಕಡೆ ಮುಖ ಮಾಡುತ್ತಿತ್ತು. ಬಿಚ್ಚಿ ಮತ್ತೆ ಹೊಲಿದರೆ ಈ ಕಡೆ ಮುಖ ಮಾಡುತ್ತಿತ್ತು.

ತಪ್ಪೆಲ್ಲ ಅವಳದ್ದೇ ಎನ್ನಲಾಗದು. ಶಾಲೆಯಲ್ಲಿದ್ದದ್ದು ಒಂದೇ ಗೊಂಬೆ. ತಲೆಯಿಲ್ಲ, ಕೈಯಿಲ್ಲ, ಕಂಬದ ಮೇಲೆ ಕೂರಿಸಿದ ಬರೀ ಮೈ. ಕೈಯೇ ಇಲ್ಲದವನಿಗೆ ತೋಳು ಹೊಲಿಯಿರಿ ಎಂದರೆ ಊಹೆಯಲ್ಲೇ ಹೊಲಿಯಬೇಕು. ಉಳಿದವರ ಊಹೆ ಹೇಗೋ ಕೂತುಬಿಡುತ್ತಿತ್ತು, ಇವಳದ್ದು ಕೈಕೊಡುತ್ತಿತ್ತು.

ಕೊನೆಯ ಪರೀಕ್ಷೆಗೆ ಕೋಟು. ಅವಳು ಇದರಲ್ಲಿ ಈಗಾಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು. ಮೂರನೆಯ ಸಲ ಫೇಲಾದರೆ ಶಾಲೆಗೆ ನಮಸ್ಕಾರ ಹೇಳಿ, ದೊಡ್ಡಪ್ಪನ ಬಣ್ಣದ ಅಂಗಡಿಯಲ್ಲಿ ಬಿಲ್ಲು ಬರೆಯುತ್ತ ಕೂರಬೇಕು. ದೊಡ್ಡಪ್ಪ ಕೆಟ್ಟ ಮನುಷ್ಯನಾಗಿದ್ದರೆ ಜಗಳವಾಡಬಹುದಿತ್ತು. ಆದರೆ ಆತ ಪ್ರೀತಿಯಿಂದ ಅವಳಿಗಾಗಿ ಗಾಲಿಕಾಲಿನ ಕುರ್ಚಿ ತರಿಸಿಟ್ಟಿದ್ದ. "ಬೆನ್ನು ನೋಯಬಾರ್ದು ನೋಡು ಮಗಾ" ಎನ್ನುತ್ತಿದ್ದ. ಕುರ್ಚಿ ತರಿಸಿಟ್ಟವರ ಜೊತೆ ಯಾವ ಬಾಯಲ್ಲಿ ಜಗಳವಾಡುವುದು?

ಶುಕ್ರವಾರ ಪರೀಕ್ಷೆಗೆ ಕೂತಿದ್ದ ನಾಲ್ವರ ಕೋಟುಗಳೂ ಮುಗಿದವು. ಎಲ್ಲವೂ ಒಂದೇ ಥಾನಿನ ಕಡುನೀಲಿ ಬಟ್ಟೆ, ಒಂದೇ ಬಗೆಯ ಹಿತ್ತಾಳೆ ಗುಂಡಿ, ಒಂದೇ ಗೊಂಬೆಯ ಅಳತೆ. ಬಟ್ಟೆಯನ್ನೂ ಗುಂಡಿಯನ್ನೂ ಮೇಡಂ ಎಲ್ಲಿಂದಲೋ ಅಗ್ಗಕ್ಕೆ ಎತ್ತಿಕೊಂಡು ಬಂದಿದ್ದರು. ಗುಂಡಿಯ ಮೇಲೆ ಹೂವಿನಂಥದ್ದೇನೋ ಉಬ್ಬಿತ್ತು. ಒಳಬದಿಗೆ ಹಾಕುವ ಅಸ್ತರು ಮಾತ್ರ ಇಲ್ಲ. ಅಸ್ತರು ಹಾಕಿದರೆ ಹೊಲಿದವರ ಪಾಪವೆಲ್ಲ ಮುಚ್ಚಿಹೋಗುತ್ತದೆ ಎಂಬುದು ಮೇಡಂ ಸಿದ್ಧಾಂತ.

"ಇನ್ನೆರಡು ದಿನ ಮೈಮೇಲೆ ಹಾಕ್ಕೊಂಡು ಓಡಾಡಿ" ಎಂದರು ಮೇಡಂ. "ಮೈಗೆ ಒಗ್ಗಿದ ಮೇಲೇ ಕೋಟು ತನ್ನ ಬಣ್ಣ ತೋರ್ಸೋದು. ಸೋಮವಾರ ಬೆಳಿಗ್ಗೆ ತಂದುಕೊಡಿ. ಅಷ್ಟರೊಳಗೆ ಯಾರಾದ್ರೂ ಸೂಜಿ ಮುಟ್ಟಿದ್ರೋ, ಫೇಲು. ಯಾರು ಏನು ಅಂತ ನೋಡಲ್ಲ."

ಹೊರಗೆ ಸುಡುಬಿಸಿಲು. ಈ ಬಿಸಿಲಲ್ಲಿ ಉಣ್ಣೆಯ ಕೋಟು ಹಾಕಿ ಓಡಾಡಿದರೆ ಕೋಟಿಗಿಂತ ಮೊದಲು ಮನುಷ್ಯರೇ ಬಣ್ಣ ತೋರಿಸುತ್ತಾರೆ. ಆಗ ಬಾಯಿ ಬಿಟ್ಟವನು, ಎಲ್ಲ ಊರೂ ಗೊತ್ತು ಎನ್ನುವ ಸಹಪಾಠಿ ಗೈಡು.

"ಗಡಿ ಆಚೆ ಊರಿಗೆ ಹೋಗೋಣ. ರೈಲಲ್ಲಿ ಅರ್ಧ ದಿನ. ಅಲ್ಲಿ ಚಳಿ. ಆ ದೇಶ ನಂಗೆ ಅಂಗೈ ಮೇಲಿನ ಗೆರೆ ಇದ್ದಂಗೆ."

ಗೈಡು ಆ ದೇಶಕ್ಕೆ ಹೋಗಿದ್ದದ್ದು ಒಂದೇ ಸಲ, ಅದೂ ಅಮ್ಮನ ಸೊಂಟದ ಮೇಲೆ ಕೂತು. ಆದರೂ ಉಳಿದವರು ನಂಬಿದರು. ಉಳಿದವರೆಂದರೆ ಮೂವರು: ಬಿಚ್ಚಮ್ಮ; ಬಟ್ಟೆ, ಮಾತು, ಮುಖ ಯಾವುದರಲ್ಲೂ ಒಂದು ಸುಕ್ಕಿಲ್ಲದ, ತರಗತಿಗೇ ಮೊದಲಿಗಳಾದ ಇಸ್ತ್ರಿ; ಮತ್ತು ಗೊಂಬೆಯ ಅಳತೆಯ ಕೋಟಿನಲ್ಲಿ ಒಂದು ಗುಂಡಿಯನ್ನೂ ಹಾಕಿಕೊಳ್ಳಲಾಗದ ಡುಮ್ಮ. ಹುಡುಗಿಯರಿಬ್ಬರಿಗೆ ಅದೇ ಕೋಟು ಮೊಣಕಾಲು ದಾಟಿ ತೂಗುತ್ತಿತ್ತು.

ಗೈಡಿನ ಅಂಗೈ ಗೆರೆ ಶನಿವಾರವೇ ಅಳಿಸಿಹೋಯಿತು. ಅವನು ಕಾದಿರಿಸಿದ್ದ ರೂಮು ಮುಂದಿನ ವಾರಕ್ಕೆ ಎಂದು ಲಾಡ್ಜಿಗೆ ಹೋದ ಮೇಲೆ ತಿಳಿಯಿತು. ಲಾಡ್ಜಿನವಳು ಕನಿಕರಪಟ್ಟು ಬಟ್ಟೆ ಒಗೆಯುವ ಕೋಣೆಯನ್ನು ಬಿಟ್ಟುಕೊಟ್ಟಳು. ಒಂದು ಕಡೆ ಯಂತ್ರಗಳು, ಇನ್ನೊಂದು ಕಡೆ ಹಾಸಿಗೆ ಹೊದಿಕೆಗಳ ಗುಡ್ಡ. ಡುಮ್ಮ ಆ ಗುಡ್ಡದ ಮೇಲೆ ಬಿದ್ದುಕೊಂಡು, ಹುಟ್ಟಿದ ಮೇಲೆ ಇಷ್ಟು ಮೆತ್ತನೆಯ ಹಾಸಿಗೆ ಕಂಡಿಲ್ಲವೆಂದು ಘೋಷಿಸಿದ.

ವಿಚಿತ್ರ ಶುರುವಾದದ್ದು ಟ್ರಾಮಿನಲ್ಲಿ. ನಾಲ್ವರೂ ಹತ್ತಿದ್ದೇ ತಡ, ಬಾಗಿಲ ಬಳಿ ನಿಂತಿದ್ದ ಯುವಕನೊಬ್ಬ ಕೆಳಗೆ ಹಾರಿ ಕಾಲಿಗೆ ಬುದ್ಧಿ ಹೇಳಿದ. ಕೂತಿದ್ದವರೆಲ್ಲ ಸರಸರನೆ ಟಿಕೆಟ್ ತೆಗೆದು ಇವರ ಮುಂದೆ ಹಿಡಿದರು. ಮುದುಕಿಯೊಬ್ಬಳು ಇಸ್ತ್ರಿಯ ಕೈ ಹಿಡಿದುಕೊಂಡು, ಏನೋ ದೊಡ್ಡ ದೂರನ್ನು ಮೂರು ನಿಲ್ದಾಣ ಕಳೆಯುವವರೆಗೂ ಹೇಳಿದಳು. ಒಂದಕ್ಷರ ತಿಳಿಯದ ಇಸ್ತ್ರಿ ತಲೆಯಾಡಿಸಿದಳು. ಮುದುಕಿ ಸಮಾಧಾನದಿಂದ ಇಳಿದುಹೋದಳು.

"ಏನ್ರೋ ಇದು?" ಎಂದಳು ಬಿಚ್ಚಮ್ಮ.

"ಇಲ್ಲಿ ಹೊರಗಿನೋರಿಗೆ ಮರ್ಯಾದೆ ಜಾಸ್ತಿ" ಎಂದ ಗೈಡು. "ತಾವು ಸಾಚಾ ಜನ ಅಂತ ಟಿಕೆಟ್ ತೋರಿಸಿ ಸ್ವಾಗತ ಮಾಡ್ತಾರೆ. ಹಳೇ ಪದ್ಧತಿ."

ಬಿಚ್ಚಮ್ಮನಿಗೆ ಇದರ ಮೇಲೆ ಯೋಚಿಸಲು ಪುರುಸೊತ್ತಿರಲಿಲ್ಲ. ಊರಿನ ಗೋಪುರ, ಸೇತುವೆ, ಅಂಗಡಿಬೀದಿ ಯಾವುದೂ ಅವಳ ಕಣ್ಣಿಗೆ ಬೀಳಲಿಲ್ಲ. ಅಂಗಡಿಯ ಗಾಜು ಕಂಡಲ್ಲೆಲ್ಲ ನಿಂತು ತೋಳು ನೋಡಿಕೊಳ್ಳುತ್ತಿದ್ದಳು. ಎರಡು ದಿನ ಮೈಮೇಲಿದ್ದರೆ ಒಗ್ಗುತ್ತದೆ ಎಂಬ ಆಸೆ. ಎಲ್ಲಿಯ ಒಗ್ಗುವುದು! ಎಡಗೈ ಎತ್ತಿದರೆ ಇಡೀ ಕೋಟು ಜೊತೆಗೆ ಎದ್ದು ಬರುತ್ತಿತ್ತು.

ಭಾನುವಾರದ ಹೊತ್ತಿಗೆ ಗೈಡಿಗೆ ಆ ಮರ್ಯಾದೆ ತಲೆಗೇರಿತ್ತು. ಟ್ರಾಮಿನಲ್ಲಿ ಗಂಭೀರವಾಗಿ ಟಿಕೆಟ್ ನೋಡಿ "ಹ್ಞೂಂ" ಎನ್ನತೊಡಗಿದ್ದ. ಮಧ್ಯಾಹ್ನ ನಾಲ್ಕು ದಾರಿ ಕೂಡುವಲ್ಲಿ, ಆಚೆ ಬದಿಯಲ್ಲಿ ಹಿಂದೆ ಉಳಿದಿದ್ದ ಡುಮ್ಮನಿಗೆ "ಬೇಗ ಬಾರೋ" ಎಂದು ಕೈ ಎತ್ತಿದ. ಬರುತ್ತಿದ್ದ ಟ್ರಾಮು ಗಕ್ಕನೆ ನಿಂತಿತು. ಅದರ ಹಿಂದೆ ಇನ್ನೊಂದು ನಿಂತಿತು, ಅದರ ಹಿಂದೆ ಮತ್ತೊಂದು. ಡುಮ್ಮ ಬ್ರೆಡ್ಡು ಜಗಿಯುತ್ತ, ಮೆರವಣಿಗೆಯ ದೊರೆಯಂತೆ ನಿಧಾನಕ್ಕೆ ಹಳಿ ದಾಟಿ ಬಂದ. ಅವನ ಹಿಂದೆಯೇ ಒಬ್ಬ ಮೀಸೆಯ ಮನುಷ್ಯ ಬಂದ. ಅವನ ಮೈಮೇಲೆ ಅದೇ ಕಡುನೀಲಿ ಕೋಟು, ಅದೇ ಹಿತ್ತಾಳೆ ಗುಂಡಿ. ಅವನ ಟೋಪಿಯ ಮೇಲೂ ಅದೇ ಹೂವು, ಗುಂಡಿಗಿಂತ ದೊಡ್ಡದಾಗಿ. ಆಗ ನಾಲ್ವರಿಗೂ ಗೊತ್ತಾಯಿತು, ಅದು ಹೂವಲ್ಲ, ಟ್ರಾಮಿನ ಚಕ್ರ; ಜನ ಇವರನ್ನು ಟಿಕೆಟ್ ತಪಾಸಣೆಯವರು ಎಂದುಕೊಂಡಿದ್ದರು.

"ಇದೂ ಹಳೇ ಪದ್ಧತೀನಾ?" ಎಂದು ಇಸ್ತ್ರಿ ಹಲ್ಲು ಕಚ್ಚಿ ಕೇಳಿದಳು. ಗೈಡು ತನ್ನ ಕೋಟಿನ ಗುಂಡಿಗಳನ್ನು ಅಂಗೈಯಿಂದ ಮುಚ್ಚಿಕೊಂಡ.

ಟ್ರಾಮು ಕಚೇರಿಯಲ್ಲಿ ಅಧಿಕಾರಿಣಿಯ ಮುಂದೆ ನಾಲ್ವರನ್ನು ಸಾಲಾಗಿ ನಿಲ್ಲಿಸಿದರು. ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡಿದ್ದ ಆಕೆ ಕೋಟುಗಳನ್ನು ಬಿಚ್ಚಿಸಿ ಮೇಜಿನ ಮೇಲೆ ಪೇರಿಸಿ, ಮೀಸೆಯವನ ಕೋಟಿನ ಪಕ್ಕ ಹಿಡಿದು ನೋಡಿದಳು. ಬಟ್ಟೆ ಅದೇ, ಗುಂಡಿ ಅದೇ. ಬಿಚ್ಚಮ್ಮ ತನ್ನ ಫೋನನ್ನು ಮಾತು ತರ್ಜುಮೆಗೆ ಹಾಕಿ ಮೇಜಿನ ಮೇಲಿಟ್ಟಳು. ಅಧಿಕಾರಿಣಿ ಗುಡುಗಿದ್ದನ್ನು ಫೋನಿನೊಳಗಿನ ಹೆಣ್ಣುದನಿ ಜೋಗುಳದಂತೆ ಹೇಳಿತು: "ಇವು ನಮ್ಮ ಉಗ್ರಾಣದಿಂದ ಕದ್ದ ಕೋಟುಗಳು. ಇವು ಇಲ್ಲಿಯೇ ಇರುತ್ತವೆ. ಧನ್ಯವಾದಗಳು."

ಬಿಚ್ಚಮ್ಮ ತನ್ನ ಕೋಟಿನ ಕಡೆ ಕೈ ಚಾಚಿದಳು. ಕೋಟೇ ಇಲ್ಲದೆ ಸೋಮವಾರ ಮೇಡಂ ಮುಂದೆ ನಿಲ್ಲುವುದು ಹೇಗೆ? ಕೆಟ್ಟ ಕೋಟಿಗಾದರೂ ಒಂದಿಷ್ಟು ಅಂಕ ಬಿದ್ದೀತು, ಇಲ್ಲದ ಕೋಟಿಗೆ ಏನು ಬೀಳುತ್ತದೆ?

"ಕದ್ದಿಲ್ಲ! ನಾವೇ ಹೊಲಿದಿದ್ದು, ನಮ್ಮ ಪರೀಕ್ಷೆಗೆ!" ಎಂದು ಫೋನಿನೊಳಕ್ಕೆ ಕೂಗಿದಳು. ಅದು ಅನುವಾದಿಸಬೇಕು ಎನ್ನುವಷ್ಟರಲ್ಲಿ ಫೋನು ಬಡಿದುಕೊಂಡು, ಅವಳ ಬೆರಳು ತಾಗಿ, ಕಚೇರಿ ತುಂಬ ದೊಡ್ಡಪ್ಪನ ದನಿ ಮೊಳಗಿತು.

"ಮಗಾ, ಕುರ್ಚಿಗೆ ದಿಂಬು ತರ್ತಿದೀನಿ. ಕೆಂಪು ತರ್ಲಾ, ಹಸಿರು ತರ್ಲಾ?"

ಅಧಿಕಾರಿಣಿ ಮೀಸೆಯವನ ಮುಖ ನೋಡಿದಳು. ಫೋನಿನಲ್ಲಿ ಮಾತಾಡಿದವನೇ ಕಳ್ಳರ ಗುಂಪಿನ ಯಜಮಾನ ಎಂದುಕೊಂಡಳೋ ಏನೋ.

"ಆಮೇಲೆ ಹೇಳ್ತೀನಿ ದೊಡ್ಡಪ್ಪ" ಎಂದು ಬಿಚ್ಚಮ್ಮ ಕರೆ ಕತ್ತರಿಸಿ, ನಾವೇ ಹೊಲಿದದ್ದು ಎಂಬ ಮಾತನ್ನು ಮತ್ತೆ ತರ್ಜುಮೆಗೆ ಹೇಳಿದಳು. ಕಣ್ಣಲ್ಲಿ ನೀರು ತುಂಬಿತ್ತು.

ಆ ಕಣ್ಣೀರಿಗೋ, ಕುತೂಹಲಕ್ಕೋ, ಅಧಿಕಾರಿಣಿ ಸ್ವಲ್ಪ ಮೆತ್ತಗಾದಳು. ನೀವೇ ಹೊಲಿದದ್ದಾದರೆ ಹೊಲಿದು ತೋರಿಸಿ ಎಂದಳು. ಗೈಡು ಓಡಿಬಂದು ಗುಂಡಿ ಹೊಲಿಯುವ ಅಭಿನಯ ಮಾಡಿದ. ಗುಂಡಿ ನಾನೂ ಹೊಲಿಯುತ್ತೇನೆ ಎಂಬಂತೆ ಆಕೆ ಕೈ ಬೀಸಿ, ಮೀಸೆಯವನ ತೋಳು ಹಿಡಿದೆಳೆದು ತೋರಿಸಿದಳು. "ಇದು" ಎಂದಿತು ಫೋನು. "ನಿಮ್ಮ ಕೋಟಿನಲ್ಲಿ ಬಿಚ್ಚಿರಿ. ಕೂಡಿಸಿರಿ."

ನಾಲ್ವರೂ ಮುಖ ಮುಖ ನೋಡಿಕೊಂಡರು. ಸೂಜಿ ಮುಟ್ಟಿದರೆ ಫೇಲು ಎಂಬ ಮೇಡಂ ಮಾತು ಎಲ್ಲರ ಕಿವಿಯಲ್ಲೂ ಕೂತಿತ್ತು.

"ಇಸ್ತ್ರಿ, ನಿನ್ನ ಕೈ ಎಲ್ಲರಿಗಿಂತ ಬೇಗ" ಎಂದ ಗೈಡು.

"ನನ್ನ ಕೋಟಿನ ತಂಟೆಗೆ ಬರ್ಬೇಡಿ" ಎಂದು ಇಸ್ತ್ರಿ ತನ್ನ ಕೋಟನ್ನು ಮೇಜಿನಿಂದ ಎಳೆದು ಅವುಚಿಕೊಂಡಳು. ಅವಳ ಮುಖದ ಮೇಲೆ ಮೊದಲ ಸಲ ಸುಕ್ಕು ಬಿದ್ದಿತ್ತು. ಡುಮ್ಮ, ತನ್ನದರಲ್ಲಿ ಒಂದು ಹೊಲಿಗೆ ಎಳೆದರೆ ಇಡೀ ಕೋಟು ನೆಲಕ್ಕೆ ಬೀಳುತ್ತದೆಂದು ಪ್ರಾಮಾಣಿಕವಾಗಿ ಹೇಳಿದ. ಗೈಡು ಚಾವಣಿ ನೋಡತೊಡಗಿದ.

ಬಿಚ್ಚಮ್ಮ ಲೆಕ್ಕ ಹಾಕಿದಳು. ಯಾರೂ ಬಿಚ್ಚದಿದ್ದರೆ ನಾಲ್ವರೂ ಮುಳುಗುತ್ತಾರೆ. ತಾನು ಬಿಚ್ಚಿದರೆ ಮುಳುಗುವವಳು ತಾನೊಬ್ಬಳೇ. ಹೇಗಿದ್ದರೂ ಎರಡು ಸಲ ಮುಳುಗಿ ಅಭ್ಯಾಸವಾಗಿದೆ. ಆದರೂ ಈ ಮೂವರ ಮೇಲೆ ಕೋಪ ಬಂತು.

"ತನ್ನಿ ಸೂಜಿ" ಎಂದಳು. "ಬಿಚ್ಚೋದ್ರಲ್ಲಾದ್ರೂ ನಾನೇ ಫಸ್ಟು."

ಸೂಜಿ, ಗುಂಡುಸೂಜಿ ಇಸ್ತ್ರಿಯ ಹೊಲಿಗೆ ಡಬ್ಬಿಯಲ್ಲಿದ್ದವು, ದಾರ ಇರಲಿಲ್ಲ. ಅಧಿಕಾರಿಣಿ ಮೇಜಿನ ಸೆಳೆಖಾನೆ ತಡಕಾಡಿ ದಾರದ ಉಂಡೆಯೊಂದನ್ನು ತೆಗೆದುಕೊಟ್ಟಳು. ಕಣ್ಣು ಕುಕ್ಕುವಂಥ ಹಳದಿ.

ಬಿಚ್ಚಮ್ಮ ಎಡತೋಳನ್ನು ಬಿಚ್ಚಿದ ವೇಗ ನೋಡಿ ಮೀಸೆಯವನು ಮೀಸೆ ತೀಡುವುದನ್ನೇ ಮರೆತ. ಕೂಡಿಸುವುದು ಎಲ್ಲಿ? ಗೊಂಬೆ ಇಲ್ಲ. ಸುತ್ತಲೂ ನೋಡಿದಳು. ಮೀಸೆಯವನು ಅಳತೆ ತೆಗೆದಂತೆ ಗೊಂಬೆಯದ್ದೇ ಗಾತ್ರ, ಶಾಲೆಯ ಗೊಂಬೆಗೇ ತಲೆ, ಕೈ, ಮೀಸೆ ಮೂಡಿದ ಹಾಗಿದ್ದ. ಅವನ ಕೋಟು ಕಳಚಿಸಿ ತನ್ನದನ್ನು ತೊಡಿಸಿದಳು. ಎಡಗೈಗೆ ತೋಳು ಏರಿಸಿ "ಹೀಗೆ ಬಿಡಿ" ಎಂದು ಇಳಿಬಿಟ್ಟು ತೋರಿಸಿದಳು. ಅವನು ಕೈ ಇಳಿಬಿಟ್ಟ.

ಆಗ ಅವಳಿಗೆ ಕಂಡಿತು. ಸುಮ್ಮನೆ ಇಳಿಬಿದ್ದ ಮನುಷ್ಯನ ಕೈ ನೇರವಾಗಿ ಇಳಿಯುವುದಿಲ್ಲ, ಒಂಚೂರು ಮುಂದಕ್ಕೆ ಬಾಗಿರುತ್ತದೆ. ಇಷ್ಟು ದಿನ ಅವಳು ಕೈಯಿಲ್ಲದ ಗೊಂಬೆಗೆ ಕಂಬದಂಥ ಕೈ ಊಹಿಸಿಕೊಂಡು, ತೋಳನ್ನು ನೆಟ್ಟಗೆ ಕೂಡಿಸುತ್ತಿದ್ದಳು. ತೋಳನ್ನು ಕೈಯ ಜೊತೆ ಸ್ವಲ್ಪವೇ ಮುಂದಕ್ಕೆ ತಿರುಗಿಸಿದಳು. ಬಟ್ಟೆ ತಾನಾಗಿ ಭುಜದ ಮೇಲೆ ಕೂತಿತು. ಗುಂಡುಸೂಜಿ ಚುಚ್ಚಿದಳು, ಎರಡು ಸಲ ಮೀಸೆಯವನಿಗೂ ಚುಚ್ಚಿದಳು. ಅವನು ಎರಡು ಸಲವೂ ಕಿರುಚಿದ. ತರ್ಜುಮೆ ಬೇಕಾಗಲಿಲ್ಲ.

ಆಮೇಲೆ ಕೋಟು ಕಳಚಿಸಿ, ಕೂತು, ಹಳದಿ ದಾರದಲ್ಲಿ ಒಂದೊಂದೇ ಹೊಲಿಗೆ ಹಾಕುತ್ತ ಹೋದಳು. ಮುಗಿಸಿ ಮತ್ತೆ ತೊಡಿಸಿದಾಗ ಮೀಸೆಯವನು ಕೈ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಕೋಟು ಮಿಸುಕಲಿಲ್ಲ. ಬಿಚ್ಚಮ್ಮನಿಗೆ ಆದ ಸಂತೋಷಕ್ಕೆ ಅವನ ಮೀಸೆಗೊಂದು ಮುತ್ತು ಕೊಡುವುದೊಂದು ಬಾಕಿ.

ಅಧಿಕಾರಿಣಿ ತೋಳಿನ ಒಳಗೂ ಹೊರಗೂ ಬೆರಳಾಡಿಸಿ ನೋಡಿ, ಕತ್ತರಿ ತೆಗೆದುಕೊಂಡಳು. ಕಟ್ ಕಟ್ ಎಂದು ನಾಲ್ಕೂ ಕೋಟಿನ ಎಲ್ಲ ಗುಂಡಿಗಳನ್ನೂ, ಇಸ್ತ್ರಿ ಅವುಚಿಕೊಂಡದ್ದನ್ನೂ ಬಿಡದೆ, ಕತ್ತರಿಸಿ ಸೆಳೆಖಾನೆಗೆ ಸುರಿದಳು.

"ಕೋಟು ನಿಮ್ಮದು" ಎಂದಿತು ಫೋನು. "ಗುಂಡಿ ನಮ್ಮದು. ಶುಭ ಪ್ರಯಾಣ."

ಉಳಿದ ಹಳದಿ ದಾರದ ಉಂಡೆಯನ್ನು ಆಕೆ ಬಿಚ್ಚಮ್ಮನ ಜೇಬಿಗೆ ತುರುಕಿದಳು. ಕೋಟುಗಳ ಎದೆ ತೆರೆದುಕೊಂಡು, ಚಳಿಗೆ ಹಲ್ಲು ಕಟಕಟಿಸುತ್ತ ನಾಲ್ವರೂ ರೈಲಿಗೆ ಓಡಿದರು.

ಸೋಮವಾರ ಬೆಳಿಗ್ಗೆ ಮೇಡಂ ಮೇಜಿನ ಮೇಲೆ ಗುಂಡಿಯಿಲ್ಲದ ನಾಲ್ಕು ಕೋಟುಗಳು ಬಿದ್ದಿದ್ದವು. ಮೇಡಂ ಒಂದೊಂದನ್ನೇ ಒಳಹೊರಗು ಮಾಡಿದರು. ಕೊನೆಯದರಲ್ಲಿ ಹಳದಿ ಹೊಲಿಗೆ ಹೊಳೆಯಿತು.

"ಸೂಜಿ ಮುಟ್ಟಿದೋರು ಯಾರು?"

ಬಿಚ್ಚಮ್ಮ ಎದ್ದು ನಿಂತಳು. "ನಾನು ಮೇಡಂ. ನೀವು ಹೇಳಿದ್ದು ಗೊತ್ತಿತ್ತು. ಆದ್ರೂ ಮುಟ್ಟಿದೆ."

ಅವಳ ಹಿಂದೆಯೇ ಕುರ್ಚಿ ಸರಿದ ಸದ್ದಾಯಿತು. ಇಸ್ತ್ರಿ ಎದ್ದಿದ್ದಳು. "ಮೇಡಂ, ಅಲ್ಲಿ ಬಿಚ್ಚಬೇಕಾಗಿದ್ದದ್ದು ನನ್ನ ಕೋಟು. ನಾನು ಕೊಡ್ಲಿಲ್ಲ. ಇವಳು ಬಿಚ್ಚದಿದ್ರೆ ನಮ್ಮ ಯಾರ ಕೋಟೂ ಇಲ್ಲಿರ್ತಿರ್ಲಿಲ್ಲ." ಅಷ್ಟು ಹೇಳಿ ಅವಳು ಕೂತುಬಿಟ್ಟಳು. ಉಳಿದದ್ದನ್ನು ಗೈಡು ಮತ್ತು ಡುಮ್ಮ ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು.

ಮೇಡಂ ಆ ಎಡತೋಳನ್ನು ಎಳೆದು, ತಿರುಗಿಸಿ ನೋಡಿದರು. "ಆ ಗುಂಡಿ ಅಗ್ಗಕ್ಕೆ ಸಿಕ್ತು ಅಂತ ತಂದೋಳು ನಾನು" ಎಂದರು. "ಈ ಎಡತೋಳು ಎಲ್ಲಿ ಹೊಲಿದೆ? ಗೊಂಬೆ ಇರ್ಲಿಲ್ವಲ್ಲ?"

"ಮನುಷ್ಯನ ಮೇಲೆ ಮೇಡಂ. ಕೈ ಇತ್ತು."

ಮೇಡಂ ಮೂಲೆಯಲ್ಲಿದ್ದ ಗೊಂಬೆಯನ್ನು ನೋಡಿದರು. ವರ್ಷಗಟ್ಟಲೆ ಅದರ ಮೇಲೆ ತೋಳು ಹೊಲಿಸಿದ್ದರು. ಎಷ್ಟು ಜನರನ್ನು ಫೇಲು ಮಾಡಿದ್ದೆನೋ ಅನ್ನಿಸಿತೋ ಏನೋ, ಅವರ ಮುಖ ಸಣ್ಣದಾಯಿತು.

"ಎಡತೋಳು ಪಾಸು" ಎಂದರು. "ಬಲತೋಳು ಫೇಲು. ಬಿಚ್ಚು."

"ಈಗ್ಲಾ ಮೇಡಂ?"

"ಮತ್ತಿನ್ಯಾವಾಗ? ಪರೀಕ್ಷೆ ಇವತ್ತೇ."

ಜೇಬಿನಲ್ಲಿ ಫೋನು ಬಡಿದುಕೊಂಡಿತು. ದೊಡ್ಡಪ್ಪ. ಬಿಚ್ಚಮ್ಮ ಅದನ್ನು ಆಫ್ ಮಾಡಿ, ಅದೇ ಜೇಬಿನಿಂದ ಹಳದಿ ದಾರ ತೆಗೆದಳು. ಬಲತೋಳು ಬಿಚ್ಚುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಬಿಚ್ಚಿ ತಲೆ ಎತ್ತಿದರೆ, ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಒಂಟಿತೋಳಿನ ಕೋಟನ್ನು ತಾವೇ ತೊಟ್ಟುಕೊಂಡು, ಬಲಗೈ ಇಳಿಬಿಟ್ಟು ಗೊಂಬೆಯ ಪಕ್ಕದಲ್ಲಿ ನಿಂತಿದ್ದರು.

"ಹ್ಞೂಂ, ಹೊಲಿ" ಎಂದರು. "ನನಗೆ ಚುಚ್ಚಿದ್ರೆ ಮಾತ್ರ ಫೇಲು."