ಚರ್ಚಿನ ಕೀಲಿ ಮುರಿದ ಭಾನುವಾರ

ಚರ್ಚಿನ ಬಾಗಿಲಿನ ಬೀಗದೊಳಗೆ ಕೀಲಿ ಲಟಕ್ಕೆಂದು ಮುರಿದಾಗ ಮೂವತ್ತು ಜನರೂ ಒಟ್ಟಿಗೆ ತಿರುಗಿ ನೋಡಿದ್ದು ಹೊಲಿಗೆಯಮ್ಮನ ಗಂಡನನ್ನು. ಊರಿನ ಬೀಗಗಳನ್ನೆಲ್ಲ ರಿಪೇರಿ ಮಾಡುವ ಆಸಾಮಿ ಆತ. ಚರ್ಚಿನ ಬೀಗ ಬಿಗಿಯಾಗಿದೆ ಎಂದು ಸಭೆಯವರು ಹೇಳಿದಾಗಲೆಲ್ಲ "ಮುಂದಿನ ವಾರ ನೋಡ್ತೀನಿ" ಎನ್ನುತ್ತ ಎರಡು ವರ್ಷ ತಳ್ಳಿದ್ದ.

"ಐದು ನಿಮಿಷ," ಎಂದು ಆತ ಮಂಡಿಯೂರಿದ.

ಗಂಡನ ಐದು ನಿಮಿಷ ಎಂದರೆ ಎಷ್ಟು ಎಂಬುದು ಹೊಲಿಗೆಯಮ್ಮನಿಗೆ ಗೊತ್ತಿತ್ತು. ಕೊರೆಯುವ ಚಳಿಗಾಳಿ ಬೇರೆ ಬೀಸುತ್ತಿತ್ತು. ಅಂದು ಬೈಬಲ್ ಪ್ರಸಂಗ ಮಾಡಲು ಬೇರೆ ಊರಿನಿಂದ ಬಂದಿದ್ದ ಮುದಿ ಪಾಸ್ಟರು ಕಂಬಕ್ಕೊರಗಿ ಕೆಮ್ಮುತ್ತಿದ್ದರು. ಬಡಗಿಯ ಹೆಂಡತಿ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು.

"ನಮ್ಮನೆ ಇಲ್ಲೇ ಎದುರಿಗೇ ಇದೆಯಲ್ಲ, ಬನ್ನಿ," ಎಂಬ ಮಾತು ಹೊಲಿಗೆಯಮ್ಮನ ಬಾಯಿಂದ ಜಾರಿಯೇಬಿಟ್ಟಿತು.

ಜಾರಿದ ಮೇಲೆ, ಯಾಕಾದರೂ ಕರೆದೆನೋ ಎನಿಸಿತು. ಆ ಪುಟ್ಟ ಸಭೆಯಲ್ಲಿ ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಯಾರಾದರೊಬ್ಬರ ಮನೆಯಲ್ಲಿ ಎಲ್ಲರಿಗೂ ಊಟ. ತನ್ನ ಸರದಿ ಬಂದಾಗ ಅವಳು ಬೇರೆಯವರ ಅಡುಗೆಮನೆಯಲ್ಲಿ ಬೇಯಿಸಿ ಬಡಿಸಿ ಬರುತ್ತಿದ್ದಳೇ ಹೊರತು ಹನ್ನೊಂದು ವರ್ಷದಲ್ಲಿ ಒಬ್ಬರನ್ನೂ ಮನೆಗೆ ಕರೆದಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾದಿನಿ ಬಂದವಳು, ಕಪಾಟಿನ ತುಂಬ ತುಕ್ಕು ಹಿಡಿದ ಬೀಗ, ಮಂಚದ ತುಂಬ ಬಟ್ಟೆ ನೋಡಿ "ಅತ್ತಿಗೇ, ಇದು ಮನೆನೋ ಗುಜರಿ ಅಂಗಡಿನೋ?" ಎಂದಿದ್ದಳು. ತಮಾಷೆಗೇ ಅಂದದ್ದು. ಆದರೂ ಆ ಮಾತು ಮುಳ್ಳಿನಂತೆ ಒಳಗೇ ಉಳಿದುಬಿಟ್ಟಿತ್ತು.

ಈಗ ಯೋಚಿಸಲು ಪುರುಸೊತ್ತೆಲ್ಲಿ? ಅವಳು ಬಾಗಿಲು ತೆರೆಯುವ ಮೊದಲೇ ಹಿಂದೆ ಸಾಲು ನಿಂತಿತ್ತು.

ಜನ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕುಳಿತರು. ಮುದಿ ಪಾಸ್ಟರು ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ, ಬೇಕರಿಯಣ್ಣ ಬೋರಲು ಹಾಕಿದ ಬಕೆಟ್ಟಿನ ಮೇಲೆ, ಹೆಂಗಸರು ಅಡುಗೆಮನೆಯ ನೆಲದ ಮೇಲೆ. ಕೊನೆಗೆ ಒಳಬಂದದ್ದು ಟೀಚರಮ್ಮ. ಮೂವತ್ತೈದು ವರ್ಷ ಹೆಡ್‌ಮಿಸ್ ಆಗಿದ್ದವರು. ಅವರ ಮನೆಯ ನೆಲದಲ್ಲಿ ಮುಖ ನೋಡಿಕೊಳ್ಳಬಹುದು ಎಂದು ಸಭೆಯಲ್ಲಿ ಮಾತಿತ್ತು. ಹೊಲಿಗೆಯಮ್ಮ ಕಣ್ಣೆತ್ತದೆ ಮಂಚದ ಮೇಲಿದ್ದ ಅರ್ಧ ಹೊಲಿದ ಅಂಗಿಗಳನ್ನು ಬಾಚಿ ಒಂದು ಕಡೆ ಒತ್ತರಿಸಿದಳು. ಟೀಚರಮ್ಮ ಮಂಚದ ಅಂಚಿನಲ್ಲಿ ಕುಳಿತರು.

ಹಾಡು ಶುರುವಾಯಿತು. ಮನೆ ಚಿಕ್ಕದಾದ್ದರಿಂದ ಮೂವತ್ತು ಗಂಟಲು ಮುನ್ನೂರರಂತೆ ಕೇಳಿಸಿತು. ಪ್ರಸಂಗದ ನಡುವೆ ರಸ್ತೆಯ ಆ ಬದಿಯಿಂದ ಸುತ್ತಿಗೆಯ ಠಣ್ ಠಣ್; ಪಾಸ್ಟರು ಪ್ರತಿ ಸಲ ನಿಲ್ಲಿಸಿ, "ಸಹೋದರರು ಆಮೆನ್ ಅಂತಿದಾರೆ," ಎಂದು ಮುಂದುವರಿಸಿದರು.

ಅಂದು ಊಟಕ್ಕೆ ಕರೆದಿದ್ದವರು ಆಚೆ ಬೀದಿಯ ಬಡಗಿ ದಂಪತಿ. "ಅಡುಗೇನ ಇಲ್ಲಿಗೇ ತಂದ್ಬಿಡ್ಲಾ ಅಕ್ಕಾ?" ಎಂದು ಬಡಗಿ ಕಿವಿಯಲ್ಲಿ ಕೇಳಿದಾಗ ಹೊಲಿಗೆಯಮ್ಮ ಹೂಂ ಎಂದು ತಲೆಯಾಡಿಸಿದಳು. ಪಾತ್ರೆಗಳು ತಲೆಗಳ ಮೇಲೆ ಕೈಯಿಂದ ಕೈಗೆ ದಾಟಿ ಒಲೆ ಸೇರಿದವು. ಬೇಕರಿಯಣ್ಣ ಬ್ರೆಡ್ಡು ತಂದ. ಅವಳು ಇದ್ದಬದ್ದ ಮೊಟ್ಟೆಗಳನ್ನೆಲ್ಲ ಬೇಯಿಸಿದಳು. ತಟ್ಟೆ ಸಾಲದೆ ಡಬ್ಬಿ ಮುಚ್ಚಳಗಳೂ ಇಳಿದವು.

ಅಷ್ಟರಲ್ಲಿ ಗಂಡ ಬೆವರೊರೆಸುತ್ತ ಬಾಗಿಲಲ್ಲಿ ನಿಂತು, "ಬೀಗ ತೆಗೀತು! ಬನ್ನಿ ಎಲ್ರೂ!" ಎಂದು ಸಾರಿದ.

ಒಬ್ಬರೂ ಅಲುಗಲಿಲ್ಲ.

"ಮುಂದಿನ ವಾರ ನೋಡ್ತೀವಿ," ಎಂದ ಬೇಕರಿಯಣ್ಣ, ಬಕೆಟ್ಟಿನ ಮೇಲೆ ಗೋಡೆಗೊರಗಿ ಕಾಲು ಚಾಚಿ. ಪಾಸ್ಟರಿಗೆ ಕೆಮ್ಮು ಬರುವಷ್ಟು ನಗು. ಗಂಡನೂ ಪೆಚ್ಚಾಗಿ ನಗುತ್ತ, ಕೈ ತೊಳೆದು, ಒಂದು ಮುಚ್ಚಳ ಹಿಡಿದು ಕುಳಿತ.

ಮೂರು ಗಂಟೆಗೆ ಮನೆ ಖಾಲಿಯಾಯಿತು. ಗಂಡ ಪಾಸ್ಟರನ್ನು ಬಸ್ಸು ಹತ್ತಿಸಲು ಹೋದ. ಹೊಲಿಗೆಯಮ್ಮ ಒಳಗೆ ಹೋಗಿ ನೋಡಿದರೆ ಟೀಚರಮ್ಮ ಮಂಚದ ಮೇಲೆ, ಅಂಗಿಗಳ ರಾಶಿಗೆ ತಲೆಯಿಟ್ಟು, ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದರು. ಅವಳ ಹೆಜ್ಜೆ ಸದ್ದಿಗೆ ದಡಬಡಿಸಿ ಎದ್ದರು.

"ಅಯ್ಯೋ, ಯಾವಾಗ ಕಣ್ಣು ಹತ್ತಿತೋ! ಯಾರದೋ ಅಂಗಿಯೆಲ್ಲ ಸುಕ್ಕು ಮಾಡಿಬಿಟ್ನಲ್ಲಮ್ಮ."

"ಇಸ್ತ್ರಿ ಮಾಡಿದ್ರಾಯ್ತು ಬಿಡಿ ಟೀಚರ್. ಮನೆ ನೋಡಿ, ಕಾಲಿಡಕ್ಕೂ ಜಾಗ ಇಲ್ಲ..."

"ನಮ್ಮನೇಲಿ ಬೇಕಾದಷ್ಟಿದೆ ಜಾಗ," ಎಂದರು ಟೀಚರಮ್ಮ, ಕನ್ನಡಕ ಹುಡುಕುತ್ತ. "ಬಂದೋರೆಲ್ಲ ಇನ್ಸ್‌ಪೆಕ್ಷನ್‌ಗೆ ಬಂದಂಗೆ ನೆಟ್ಟಗೆ ಕೂತ್ಕೊಂಡು ಎದ್ದು ಹೋಗ್ತಾರೆ. ಇವತ್ತು ಬೇಕರಿಯವನು ಗೋಡೆಗೊರಗಿ ಕಾಲು ಚಾಚ್ಕೊಂಡು ಊಟ ಮಾಡ್ದ ನೋಡು. ನಮ್ಮನೇಲಿ ಹಂಗೆ ಕೂತಿದ್ದೇ ಇಲ್ಲ ಅವನು."

ಹೊಲಿಗೆಯಮ್ಮ ಅಂಗಿಗಳ ನಡುವೆ ಸಿಕ್ಕ ಕನ್ನಡಕ ತೆಗೆದುಕೊಟ್ಟಳು. ಹನ್ನೊಂದು ವರ್ಷದ ಮುಳ್ಳು ಹೀಗೆ ಸದ್ದಿಲ್ಲದೆ ಸಡಿಲವಾದೀತೆಂದು ಅವಳು ಎಣಿಸಿರಲಿಲ್ಲ.

"ನೀನು ಊಟ ಮಾಡಿದ್ಯಾ?"

ಆಗಲೇ ಅವಳಿಗೆ ನೆನಪಾದದ್ದು, ಇಲ್ಲ ಎಂದು.

"ಕೂತ್ಕೋ. ಬೆಳಗ್ಗಿಂದ ನಿಂತೇ ಇದ್ದೀಯ." ಹೆಡ್‌ಮಿಸ್ ದನಿ, ಎದುರಾಡುವಂತಿರಲಿಲ್ಲ. ಟೀಚರಮ್ಮ ತಾವೇ ಅಡುಗೆಮನೆಗೆ ಹೋಗಿ, ಪಾತ್ರೆಗಳ ತಳ ಕೆರೆದು, ಉಳಿದ ಆಲೂಗಡ್ಡೆ, ಒಂದು ಮೊಟ್ಟೆ, ಬ್ರೆಡ್ಡಿನ ಅಂಚು ಹಾಕಿ ತಂದುಕೊಟ್ಟರು.

ಹೊಲಿಗೆಯಮ್ಮ ಗೋಡೆಗೊರಗಿ, ಕಾಲು ಚಾಚಿ, ತಿನ್ನತೊಡಗಿದಳು. ಅರ್ಧ ಮುಗಿದ ಮೇಲೆ, ತನ್ನದೇ ಮನೆಯಲ್ಲಿ ನೆಂಟರಂತೆ ಸಂಕೋಚಪಡುತ್ತ, ಇನ್ನೊಂದು ಚೂರು ಆಲೂಗಡ್ಡೆ ಇದೆಯೇ ಎಂದು ಕೇಳಿದಳು.