ಹಳದಿ ಹೂವಿನ ಸೊಪ್ಪು

ಮಗಳು ಕತ್ತರಿಯನ್ನು ಹೂವಿನ ತೊಟ್ಟಿಗೆ ತಾಗಿಸಿದ್ದಳು, ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಚಿಕ್ಕಮ್ಮ ಕಾಣಿಸಿಕೊಂಡಳು.

“ಅದನ್ಯಾಕೆ ಕತ್ತರಿಸ್ತಿದ್ದೀಯ?”

“ಅಮ್ಮನ ಮೇಲೆ ಇಡೋಕೆ.”

“ಆ ಹೂವನ್ನಾ? ಅವಳ ಮೇಲಾ?” ಚಿಕ್ಕಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. “ನಿಮ್ಮಮ್ಮನಿಗೆ ಅದನ್ನ ಕಂಡರೆ ಆಗ್ತಿರಲಿಲ್ಲ ಕಣೇ.”

ಅಕ್ಕ ಹೋದ ದುಃಖಕ್ಕೆ ಚಿಕ್ಕಮ್ಮನಿಗೆ ತಲೆ ಕೆಟ್ಟಿರಬೇಕು ಎಂದುಕೊಂಡಳು ಮಗಳು. ಹಿತ್ತಲ ತುಂಬ ಹಳೆಯ ಎಣ್ಣೆ ಡಬ್ಬಗಳಲ್ಲಿ ಅದೇ ಹಳದಿ ಹೂ ಅರಳಿತ್ತು. ಯಾರೂ ಬಿತ್ತದೆ, ಯಾರೂ ನೀರು ಹಾಕದೆ, ಗೋಡೆಯ ಬಿರುಕಿನಲ್ಲೂ ತಾನಾಗಿ ಹುಟ್ಟುವ ಗಿಡ ಅದು. ಅದನ್ನೂ ಡಬ್ಬದಲ್ಲಿಟ್ಟು ಮುದ್ದು ಮಾಡಿದವಳು ಲೋಕದಲ್ಲಿ ಅಮ್ಮ ಒಬ್ಬಳೇ ಇರಬೇಕು. ಎಲೆ ಬೇಯಿಸುತ್ತಿದ್ದಳು, ಮೊಗ್ಗನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದಳು, ಎಸಳು ಒಣಗಿಸಿ ಅನ್ನಕ್ಕೆ ಬಣ್ಣ ಕಟ್ಟುತ್ತಿದ್ದಳು. ಅಂಥವಳಿಗೆ ಅದನ್ನು ಕಂಡರೆ ಆಗದು ಎಂದರೆ ನಂಬುವುದು ಹೇಗೆ?

ಚಿಕ್ಕಮ್ಮ ಮೂಗೊರೆಸಿಕೊಂಡು ಹೇಳಿದಳು. ಚಿಕ್ಕಂದಿನಲ್ಲಿ ಮನೆಯಲ್ಲಿ ಒಲೆ ಉರಿಯುವುದೇ ಕಷ್ಟವಾಗಿದ್ದಾಗ ಅಕ್ಕತಂಗಿಯರಿಬ್ಬರೂ ಈ ಸೊಪ್ಪನ್ನೇ ತಿಂದು ದಿನ ತಳ್ಳಿದ್ದರಂತೆ. ಮದುವೆಯಾಗಿ ಹೊರಡುವಾಗ ಅಕ್ಕ, ಇನ್ನು ಸತ್ತರೂ ಇದನ್ನು ಬಾಯಿಗೆ ಹಾಕುವುದಿಲ್ಲ ಎಂದಿದ್ದಳಂತೆ.

“ಮತ್ತೆ ವಾರವಾರ ಮಾಡ್ತಿದ್ದಳಲ್ಲ ಚಿಕ್ಕಮ್ಮ?”

“ನಿನಗೆ ಪ್ರಾಣ ಅಂತ ಮಾಡ್ತಿದ್ಲು.”

ಮಗಳು ಕತ್ತರಿಯನ್ನು ತೊಟ್ಟಿನಿಂದ ತೆಗೆದಳು. ಆ ಕಹಿ ಅವಳಿಗೆ ಒಂದು ದಿನವೂ ಸೇರಿದ್ದಿಲ್ಲ.

* * *

ಅಪ್ಪ ತೀರಿಕೊಂಡ ವರ್ಷ ಅಮ್ಮ ಆಸ್ಪತ್ರೆಯ ತೋಟಕ್ಕೆ ಕೆಲಸಕ್ಕೆ ಸೇರಿದ್ದಳು. ಹುಲ್ಲುಹಾಸಿನ ಕಳೆ ಕೀಳುವುದು ಅವಳ ಪಾಲಿಗೆ ಬಂದಿತ್ತು. ಮೊದಲ ದಿನ ಮನೆಗೆ ಬಂದಾಗ ಅವಳ ಮಡಿಲ ತುಂಬ ಆ ಕಳೆಯೇ ಇತ್ತು. ಅಡುಗೆಮನೆಯಲ್ಲಿ ಬೇರೇನೂ ಇರಲಿಲ್ಲ. ಬೇಯಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ ಬಡಿಸಿದಳು. ತಾನು ಉಣ್ಣದೆ ಮಗಳ ಮುಖವನ್ನೇ ನೋಡುತ್ತ ಕೂತಳು. ಅವಳ ಉಗುರಿನಲ್ಲಿ ಇನ್ನೂ ಮಣ್ಣಿತ್ತು.

ಕಹಿ ನೆತ್ತಿಗೇರಿತು. ಹುಡುಗಿ ಕಣ್ಣುಮುಚ್ಚಿ ನುಂಗಿ, “ಚೆನ್ನಾಗಿದೆಯಮ್ಮ” ಎಂದಳು. ಅಮ್ಮ ನಂಬಲಿ ಎಂದು, “ನಾಳೆಯೂ ಮಾಡು” ಎಂದು ಸೇರಿಸಿದಳು. ಎಡವಟ್ಟಾದದ್ದು ಅಲ್ಲೇ.

ಆಮೇಲೆ ಒಳ್ಳೆಯ ದಿನಗಳು ಬಂದವು. ಮಗಳು ಹೊಲಿಗೆ ಕಲಿತು ಅಂಗಡಿ ಇಟ್ಟಳು, ಮನೆಗೆ ಬೇಕಾದ ತರಕಾರಿ ಬಂತು, ಆ ಸೊಪ್ಪು ಮಾತ್ರ ತಟ್ಟೆ ಬಿಟ್ಟು ಹೋಗಲಿಲ್ಲ. ಪಾಪ, ಅಮ್ಮನಿಗೆ ಇದೊಂದು ಆಸೆ, ಬೇಡ ಅಂದರೆ ನೊಂದುಕೊಳ್ಳುತ್ತಾಳೆ ಎಂದು ಮಗಳು ಉಸಿರೆತ್ತದೆ ಉಂಡಳು. ಅಮ್ಮ ಎದುರು ಕೂತು ಎರಡು ತುತ್ತು ತಿಂದು ಚೊಂಬು ನೀರು ಕುಡಿಯುತ್ತಿದ್ದಳು. ಅಷ್ಟು ನೀರು ಯಾಕೆ ಎಂದು ಮಗಳು ಒಮ್ಮೆಯೂ ಕೇಳಿರಲಿಲ್ಲ.

* * *

ಆಸ್ಪತ್ರೆಯ ತೋಟದ ಮೇಸ್ತ್ರಿ ಅಮ್ಮನ ಕೊನೆಯ ದರ್ಶನಕ್ಕೆ ತನ್ನ ಆಳುಗಳನ್ನು ಕರೆದುಕೊಂಡು ಬಂದ. ಕೈಯಲ್ಲಿ ಅಂಗಡಿಯ ಬಿಳಿ ಹೂವಿನ ಗೊಂಚಲಿತ್ತು. ಅವನದು ಇನ್ನೊಂದೇ ಕತೆ. ತೋಟದಲ್ಲಿ ಈ ಹಳದಿ ಹೂ ಒಂದೂ ಇರಕೂಡದೆಂದು ದೊಡ್ಡ ಡಾಕ್ಟರ ಕಟ್ಟಪ್ಪಣೆ. ಆದರೂ ಬಟ್ಟೆ ಒಗೆಯುವ ಕೋಣೆಯ ಹಿಂದೆ ಒಂದು ಪಟ್ಟಿ ಜಾಗದ ಕಳೆಯನ್ನು ಅಮ್ಮ ಕೀಳದೆ ಬಿಡುತ್ತಿದ್ದಳಂತೆ. ಹಿಡಿದು ಗದರಿದ್ದಕ್ಕೆ, ನನ್ನ ಮಗಳಿಗೆ ಇದಿಲ್ಲದೆ ಊಟ ಇಳಿಯೋದಿಲ್ಲ ಮೇಸ್ತ್ರಿ ಎಂದು ಕೈಮುಗಿದಳಂತೆ.

“ನಾನೂ ಒಂದ್ಸಲ ತಿಂದು ನೋಡಿದೆ, ಉಗಿದುಬಿಟ್ಟೆ” ಎಂದ ಮೇಸ್ತ್ರಿ. “ನಿನ್ನ ನಾಲಿಗೆಗೆ ಹೇಗಮ್ಮ ಸೇರುತ್ತೆ?”

ಮಗಳು ಚಿಕ್ಕಮ್ಮನ ಕಿವಿಯ ಬಳಿ ಬಾಗಿ ಹೇಳಿದಳು:

“ನನಗೂ ಸೇರ್ತಿರಲಿಲ್ಲ ಚಿಕ್ಕಮ್ಮ. ಅವಳಿಗೋಸ್ಕರ ತಿಂತಿದ್ದೆ.”

ಚಿಕ್ಕಮ್ಮನಿಗೆ ನಗು ಉಕ್ಕಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು, ನಗು ಅಳುವಾಗಿ ತಿರುಗಿತು, ನೋಡುತ್ತಿದ್ದವರಿಗೆ ಯಾವುದು ಯಾವುದೆಂದು ತಿಳಿಯಲಿಲ್ಲ.

ಹಾಗಾದರೆ ಅಮ್ಮನಿಗೆ ಯಾವ ಹೂ ಇಷ್ಟವಿತ್ತು? ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. ಮೇಸ್ತ್ರಿ ತಲೆ ಕೆರೆದುಕೊಂಡು, ತೋಟದಲ್ಲಿ ಇಷ್ಟು ವರ್ಷ ದುಡಿದವಳನ್ನು ಹಾಗೆ ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ ಎಂದ. ಹಳದಿಯದನ್ನು ಇಟ್ಟರೆ ಅಮ್ಮನಿಗೆ ಹಿಂಸೆ, ಇಡದಿದ್ದರೆ ಅಷ್ಟು ವರ್ಷದ ಅವಳ ಕಷ್ಟಕ್ಕೆ ಅವಮಾನ. ಮಗಳು ಒಳಗೂ ಹೊರಗೂ ಓಡಾಡಿದಳು. ಹೊರಗೆ ಗಾಡಿಯವನು ಹಾರನ್ ಒತ್ತಿದ. ಕೊನೆಗೆ ಅಮ್ಮ ಮೇಸ್ತ್ರಿಯ ಬಿಳಿ ಹೂ ಹೊತ್ತುಕೊಂಡು ಮನೆ ಬಿಟ್ಟಳು. ಮಗಳ ಕೈಯಿಂದ ಒಂದು ಎಸಳೂ ಅವಳಿಗೆ ಸಲ್ಲಲಿಲ್ಲ.

* * *

ಹೂಳುವ ಜಾಗದಲ್ಲಿ ಗುಂಡಿ ತೋಡುವವರು ಇನ್ನೂ ಮಣ್ಣೆತ್ತುತ್ತಿದ್ದರು. ಸುತ್ತಲೂ ಆ ಹಳದಿ ಹೂ ಮೊಣಕಾಲೆತ್ತರ ಬೆಳೆದಿತ್ತು. ಆಳುಗಳು ಸುಮ್ಮನೆ ನಿಂತಿದ್ದರು. ಬರಿಗೈಯಲ್ಲಿ ನಿಂತು ಅಭ್ಯಾಸವಿಲ್ಲದ ಜನ. ಒಬ್ಬಳು ಬಗ್ಗಿ ಒಂದು ಗಿಡ ಕಿತ್ತಳು. ಪಕ್ಕದವನೂ ಬಗ್ಗಿದ. ಅಮ್ಮನನ್ನು ಇಳಿಸಿ ಮಣ್ಣು ಮುಚ್ಚುವಷ್ಟರಲ್ಲಿ ಸುತ್ತಲ ನೆಲ ಬೋಳಾಗಿತ್ತು. ಕಿತ್ತದ್ದನ್ನು ಎಲ್ಲಿ ಎಸೆಯುವುದೆಂದು ತಿಳಿಯದೆ ಅವರು ಮುಖ ಮುಖ ನೋಡಿಕೊಂಡರು.

ಮೊದಲು ಬಗ್ಗಿದವಳಿಗೆ ಏನೋ ಹೊಳೆಯಿತು. ಅಷ್ಟನ್ನೂ ತೋಳಿನಲ್ಲಿ ಬಾಚಿಕೊಂಡು ಮಗಳ ಮುಂದೆ ಬಂದು ನಿಂತಳು.

“ತಗೊಳ್ಳಿ ಅಕ್ಕ. ನಿಮಗೆ ಇಷ್ಟ ಅಂತ ಅಮ್ಮ ದಿನಾ ಹೇಳ್ತಿದ್ರು.”

ಎಲ್ಲರೂ ಮಗಳ ಮುಖವನ್ನೇ ನೋಡುತ್ತಿದ್ದರು. ಅವಳು ಸೆರಗು ಹರಡಿ ಮಡಿಲು ಒಡ್ಡಿದಳು. ಹಸಿಮಣ್ಣು ಮೆತ್ತಿದ ಬೇರುಗಳು ಅದರೊಳಗೆ ಬಿದ್ದವು.

“ಹೌದು, ತುಂಬಾ ಇಷ್ಟ” ಎಂದಳು.